ಸ್ವಕೀಯ ಪರಾಗಸ್ಪರ್ಶ ಬೆಳೆಗಳು ಮತ್ತು ಸ್ವಂತ ಬಿತ್ತನೆ ಬೀಜ: ರೈತರಿಗೆ ಮಾಹಿತಿ
(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು)

ಪೀಠಿಕೆ
ಸದರಿ ತಾಲ್ಲೂಕುಗಳಲ್ಲಿ ಬೆಳೆಯಲಾಗುವ ರಾಗಿ, ನೆಲಗಡಲೆ, ಹುರುಳಿ, ಅವರೆ ಹಾಗೂ ಟೊಮ್ಯಾಟೊ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶ ಬೆಳೆಗಳಾಗಿವೆ. ಮನೆಯಲ್ಲಿರಿಸಿದ ಬೀಜವನ್ನು ಯಾವ ಬೆಳೆಯಲ್ಲಿ ಬಿತ್ತಬಹುದು, ಯಾವುದರಲ್ಲಿ ಬಿತ್ತಬಾರದು ಎಂಬುದನ್ನು ತಿಳಿಯಲು ಈ ಗುಣದ ಪರಿಚಯ ಅವಶ್ಯಕ.

ಸ್ವಕೀಯ ಪರಾಗಸ್ಪರ್ಶ ಎಂದರೇನು?
ಹೂವಿನ ಪರಾಗವು ಅದೇ ಹೂವಿನ ಅಥವಾ ಅದೇ ಗಿಡದ ಶಲಾಕಾಗ್ರವನ್ನು ಸೇರಿ ಬೀಜ ಕಟ್ಟುವುದೇ ಸ್ವಕೀಯ ಪರಾಗಸ್ಪರ್ಶ. ರಾಗಿಯಲ್ಲಿ ಹೂವುಗಳು ಅತಿ ಚಿಕ್ಕವಾಗಿದ್ದು, ಪರಕೀಯ ಪರಾಗಸ್ಪರ್ಶವು ಶೇ. 1ರಷ್ಟು ಮಾತ್ರ. ಈ ಕ್ರಮದಲ್ಲಿ ಬೆರಕೆ ಗುಣವು ಪ್ರತಿ ಪೀಳಿಗೆಗೆ ಅರ್ಧದಷ್ಟು ಕಡಿಮೆಯಾಗುತ್ತದೆ: ಶೇ. 100 ಇದ್ದುದು 50, 25, 12.5 ಎಂದು ಇಳಿದು ಆರು ಪೀಳಿಗೆಗಳ ನಂತರ ಶೇ. 2ಕ್ಕಿಂತ ಕಡಿಮೆಯಾಗುತ್ತದೆ. ಆದ್ದರಿಂದ ತಳಿಯ ಗುಣ ಸ್ಥಿರವಾಗಿ ಉಳಿಯುತ್ತದೆ. ಶ್ರೀನಿವಾಸಪುರದ ಮಾವು ಇದಕ್ಕೆ ವಿರುದ್ಧವಾದ ಉದಾಹರಣೆ. ಮಾವಿನಲ್ಲಿ ಕೀಟಗಳಿಂದ ಪರಕೀಯ ಪರಾಗಸ್ಪರ್ಶವಾಗುವುದರಿಂದ ಓಟೆಯ ಸಸಿ ತಾಯಿಮರದಂತಿರುವುದಿಲ್ಲ. ಕಸಿ ಸಸಿಯನ್ನೇ ನೆಡಬೇಕಾಗುತ್ತದೆ.

ವಿಕಾಸದ ದೃಷ್ಟಿಯಿಂದ ಅನುಕೂಲ ಮತ್ತು ಅನನುಕೂಲ
ಜೇನುನೊಣ ಬಾರದಿದ್ದರೂ ಬೀಜ ಕಟ್ಟುವುದು ಇಂತಹ ಸಸ್ಯಗಳ ಅನುಕೂಲ. ಆದರೆ ಸಂತತಿಯಲ್ಲಿ ವೈವಿಧ್ಯ ಕುಗ್ಗುತ್ತದೆ. ಸ್ವಕೀಯ ಸಂತತಿಯು ಅನೇಕ ಸಸ್ಯಗಳಲ್ಲಿ ದುರ್ಬಲವಾಗುವುದನ್ನು ಚಾರ್ಲ್ಸ್ ಡಾರ್ವಿನ್ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿರುತ್ತಾರೆ. ಒಂದೇ ತಳಿಯ ಹೊಲದಲ್ಲಿ ರೋಗ ಕಾಣಿಸಿದಲ್ಲಿ ಎಲ್ಲಾ ಗಿಡಗಳೂ ಸಮಾನವಾಗಿ ತುತ್ತಾಗುವ ಸಂಭವವಿರುತ್ತದೆ. ರಾಗಿಯ ಬೆಂಕಿ ರೋಗವು ಇದಕ್ಕೆ ನಿದರ್ಶನ.

ತಳಿ ಅಭಿವೃದ್ಧಿ
ರಾಗಿಯಲ್ಲಿ ಹೊಸ ಗುಣ ತರಲು ಕೃತಕ ಸಂಕರಣ ಅನಿವಾರ್ಯ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತ ಹಾಗೂ ಆಫ್ರಿಕಾದ ರಾಗಿಗಳನ್ನು ಸಂಕರಿಸಿ ‘ಇಂಡಾಫ್’ ತಳಿಗಳನ್ನು ನೀಡಿದರು. ನಂತರ ಬಂದ ಜಿ.ಪಿ.ಯು.-28 ತಳಿಯು ಬೆಂಕಿ ರೋಗ ನಿರೋಧಕ ಶಕ್ತಿ ಹೊಂದಿದೆ. ಇವು ಸ್ಥಿರ ತಳಿಗಳಾದ್ದರಿಂದ ಬೀಜವನ್ನು ಮರುಬಳಕೆ ಮಾಡಬಹುದು.

ಟೊಮ್ಯಾಟೊ: ವಿಶೇಷ ಎಚ್ಚರಿಕೆ
ಟೊಮ್ಯಾಟೊ ಸ್ವಕೀಯ ಪರಾಗಸ್ಪರ್ಶ ಬೆಳೆಯಾದರೂ, ಹೈಬ್ರಿಡ್ ಬೀಜವು ಎರಡು ತಳಿಗಳ ಮೊದಲ ಪೀಳಿಗೆಯಾಗಿರುತ್ತದೆ. ಉದಾ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಇದರ ಹಣ್ಣಿನಿಂದ ತೆಗೆದ ಬೀಜದಲ್ಲಿ ಗುಣಗಳು ಬೇರ್ಪಟ್ಟು, ಇಳುವರಿ, ಗಾತ್ರ ಹಾಗೂ ರೋಗ ನಿರೋಧಕತೆ ಗಿಡದಿಂದ ಗಿಡಕ್ಕೆ ವ್ಯತ್ಯಾಸವಾಗುತ್ತದೆ. ಸಸಿ, ಕೋಲು, ಗೊಬ್ಬರಗಳ ವೆಚ್ಚ ಮಾತ್ರ ಅಷ್ಟೇ ಆಗುವುದರಿಂದ ಇಂತಹ ಬೀಜವನ್ನು ಬಿತ್ತಬಾರದು.

ಸ್ವಂತ ಬೀಜ ಇಡುವ ರೈತರು ಅನುಸರಿಸಬೇಕಾದ ಕ್ರಮಗಳು (ರಾಗಿ)
1. ಬೇರೆ ತಳಿಯ ಹೊಲದಿಂದ ಕನಿಷ್ಠ 3 ಮೀಟರ್ ಅಂತರವಿರಬೇಕು.
2. ಬೆರಕೆ ಹಾಗೂ ರೋಗಪೀಡಿತ ಗಿಡಗಳನ್ನು ಕಟಾವಿಗೆ ಮೊದಲೇ ಕಿತ್ತುಹಾಕಬೇಕು.
3. ಕಣದಲ್ಲಿ ಬೇರೆ ತಳಿಯ ಕಾಳು ಬೆರೆಯದಂತೆ ನೋಡಿಕೊಂಡು, ಬೀಜವನ್ನು ಚೆನ್ನಾಗಿ ಒಣಗಿಸಬೇಕು.
4. ಬಿತ್ತನೆಗೆ ಮುನ್ನ 100 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಪರೀಕ್ಷಿಸಬೇಕು. ಕನಿಷ್ಠ 75 ಮೊಳೆಯಬೇಕು.
5. ಮೂರು ವರ್ಷಗಳಿಗೊಮ್ಮೆ ಪ್ರಮಾಣಿತ ಬೀಜಕ್ಕೆ ಬದಲಾಯಿಸುವುದು ಸೂಕ್ತ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಬಣ್ಣದ ಚೀಟಿ ಇರುತ್ತದೆ.

ರೈತರ ಹಕ್ಕು
ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರ ಕಲಂ 39ರನ್ವಯ ರೈತರು ತಮ್ಮ ಬೆಳೆಯ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ವಿನಿಮಯ ಮಾಡಿಕೊಳ್ಳಲು ಹಾಗೂ ಮಾರಲು ಹಕ್ಕುಳ್ಳವರಾಗಿರುತ್ತಾರೆ. ಆದರೆ ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಿ ಮಾರುವಂತಿಲ್ಲ.

ಬಿತ್ತನೆ ಬೀಜ ಪಡೆಯುವ ವಿಧಾನ
ರಿಯಾಯಿತಿ ದರದ ಬಿತ್ತನೆ ಬೀಜಕ್ಕಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು. ಫ್ರೂಟ್ಸ್ ತಂತ್ರಾಂಶದ ನೋಂದಣಿ ಸಂಖ್ಯೆ, ಪಹಣಿ ಹಾಗೂ ಆಧಾರ್ ಪ್ರತಿಯೊಂದಿಗೆ ಹಾಜರಾಗುವುದು. ಖರೀದಿಯ ರಸೀದಿ, ಖಾಲಿ ಚೀಲ ಮತ್ತು ಚೀಟಿಯನ್ನು ಕಟಾವಿನವರೆಗೆ ಕಾಯ್ದಿರಿಸತಕ್ಕದ್ದು. ಬೀಜ ಕಳಪೆಯೆಂದು ದೂರು ನೀಡುವ ಸಂದರ್ಭದಲ್ಲಿ ಇವೇ ಆಧಾರ.