ಗಂಗೂಬಾಯಿಯವರ ಎರಡು ದನಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ವೀಕ್ಷಕರಿಗೆ ಸಂಗೀತವೆಂದೊಡನೆ ನೆನಪಾಗುವುದು ಕಾವೇರಿ ದಂಡೆಯ ರುದ್ರಪಟ್ಟಣ. 1920ರಲ್ಲಿ ಆರ್.ಕೆ. ಶ್ರೀಕಂಠನ್ ಹುಟ್ಟಿದ ಆ ಊರಿನಲ್ಲಿ ಸಂಗೀತವೆಂಬುದು ಮನೆತನದ ಆಸ್ತಿ. ಅಂಥ ಪರಂಪರೆಯನ್ನು ಬಲ್ಲ ನಿಮಗೆ, ಧಾರವಾಡದ ತಾಯಿಯೊಬ್ಬರು ಆ ಆಸ್ತಿಯನ್ನು ಮಗಳಿಗೆ ಬೇಕೆಂದೇ ಕೊಡದೆ ಹೋದದ್ದು ವಿಚಿತ್ರವೆನಿಸೀತು.

ಆ ತಾಯಿ ಅಂಬಾಬಾಯಿ, ಕರ್ನಾಟಕ ಸಂಗೀತದ ಗಾಯಕಿ. 1913ರಲ್ಲಿ ಹುಟ್ಟಿದ ಮಗಳು ಗಂಗೂಬಾಯಿ ಹಿಂದೂಸ್ತಾನಿ ಕಲಿಯತೊಡಗಿದಾಗ, ತಮ್ಮ ಹಾಡಿಕೆ ಮಗಳ ಗಾಯನದಲ್ಲಿ ಬೆರೆಯದಿರಲೆಂದು ತಾವೇ ಹಾಡುವುದನ್ನು ಬಿಟ್ಟರು. ಅದೆಂಥ ತ್ಯಾಗವೆಂಬುದನ್ನು ಹಾಡುವವರೇ ಬಲ್ಲರು.

1930ರ ದಶಕದಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಮಗಳ ಧ್ವನಿಮುದ್ರಿಕೆಗಳು ಬಂದವು. ಅಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿಗೆ ಚಿಕಿತ್ಸೆಯಾಯಿತು. ದನಿ ಗಂಡಸಿನದರಂತೆ ದಪ್ಪವಾಯಿತು. ಅಬ್ದುಲ್ ಕರೀಂ ಖಾನರ ಸಣ್ಣ, ಇಂಪಾದ ದನಿಯನ್ನೇ ಮಾದರಿಯೆಂದು ನಂಬಿದ ಕಿರಾಣಾ ಘರಾಣೆಯ ಹಾಡುಗಾರ್ತಿಗೆ ಇದಕ್ಕಿಂತ ದೊಡ್ಡ ಪೆಟ್ಟುಂಟೆ?

ಅವರನ್ನು ಉಳಿಸಿದ್ದು ಗುರುಗಳ ಪಾಠವೆಂದು ನನ್ನ ಭಾವನೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದ ಶಿಷ್ಯೆಗೆ ಸವಾಯಿ ಗಂಧರ್ವರು ಕೆಲವೇ ರಾಗಗಳನ್ನು ಮತ್ತೆ ಮತ್ತೆ ಹಾಡಿಸಿ ತಿದ್ದಿದರು. ಒಂದೊಂದೇ ಸ್ವರದ ಮೇಲೆ ನಿಂತು ರಾಗವನ್ನು ನಿಧಾನವಾಗಿ ಬಿಡಿಸುವುದು ಕಿರಾಣೆಯ ರೀತಿ. ಆ ನಿಧಾನಕ್ಕೆ ಭಾರವಾದ ದನಿಯೇ ಒಗ್ಗಿತು. ಗಂಗೂಬಾಯಿ ಹಳೆಯ ದನಿಯನ್ನು ಅನುಕರಿಸಲು ಹೋಗಲಿಲ್ಲ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದದ್ದು ಈ ಎರಡನೆಯ ದನಿಗೇ. 2009ರಲ್ಲಿ ಅವರು ತೀರಿಕೊಂಡರು.

ಸಾಧ್ಯವಾದರೆ ಹಳೆಯ ಮುದ್ರಿಕೆಯನ್ನೂ ನಂತರದ್ದನ್ನೂ ಒಂದಾದ ಮೇಲೊಂದು ಕೇಳಿ. ಹಾಡಿದವರು ಒಬ್ಬರೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾದೀತು.