ದೌಂಡದ ಕಾರ್ಡ್ ಲೈನ್ ಮತ್ತು ಎಡ ಹೃತ್ಕರ್ಣ: ಅಬ್ಲೇಶನ್ನಿನಲ್ಲಿ ಅಂಗರಚನೆಯ ಪಾತ್ರ

ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಸೊಲ್ಲಾಪುರ ದಾಟಿ, ಪುಣೆ ಜಿಲ್ಲೆಯ ದೌಂಡದಲ್ಲಿ ಮನ್ಮಾಡದ ಹಳಿ ಹಿಡಿಯುತ್ತದೆ. ಪುಣೆ ಕಡೆಯಿಂದ ಮನ್ಮಾಡಕ್ಕೆ ಹೋಗುವ ಗಾಡಿಗಳಿಗೆ ಈ ಜಂಕ್ಷನ್ನಿನಲ್ಲಿ ಒಂದು ತೊಡಕಿತ್ತು. ಎಂಜಿನ್ ಬಿಚ್ಚಿ ಗಾಡಿಯ ಇನ್ನೊಂದು ತುದಿಗೆ ಜೋಡಿಸಬೇಕಾಗುತ್ತಿತ್ತು. ಅದನ್ನು ತಪ್ಪಿಸಲೆಂದೇ ಕಾರ್ಡ್ ಲೈನ್ ಬಂತು. ಗಾಡಿಗಳೀಗ ಜಂಕ್ಷನ್ನಿನೊಳಗೆ ಬರದೆಯೇ ಮುಂದೆ ಹೋಗಬಲ್ಲವು.

ಹೃತ್ಕರ್ಣದ ಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್‌ಗೆ ಕ್ಯಾಥೆಟರ್ ಅಬ್ಲೇಶನ್ ಮಾಡುವ ವೈದ್ಯರಿಗೆ ತಲೆನೋವು ತರುವುದು ಹೃದಯದಲ್ಲಿರುವ ಇಂಥ ಕಾರ್ಡ್ ಲೈನುಗಳೇ: ಸುಟ್ಟ ಗೆರೆಯನ್ನು ಬಳಸಿಕೊಂಡು ವಿದ್ಯುತ್ತು ಹಾದುಹೋಗುವ ಅಡ್ಡದಾರಿಗಳು. ಚಿಕಿತ್ಸೆಯ ಫಲ ಉಪಕರಣವನ್ನು ಎಷ್ಟು ಅವಲಂಬಿಸಿದೆಯೋ, ರೋಗಿಯ ಎಡ ಹೃತ್ಕರ್ಣದ ರಚನೆಯನ್ನೂ ಅಷ್ಟೇ ಅವಲಂಬಿಸಿದೆ ಎಂಬುದು ಈ ಲೇಖನದ ವಾದ.

ಈ ಚಿಕಿತ್ಸೆಗೆ ಬುನಾದಿ ಹಾಕಿದ್ದು 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಾಗೇರ್ ತಂಡ. 45 ರೋಗಿಗಳಲ್ಲಿ ಅವರು ಗುರುತಿಸಿದ, ಫಿಬ್ರಿಲೇಶನ್ ಹೊತ್ತಿಸುವ 69 ಕಿಡಿತಾಣಗಳಲ್ಲಿ ಶೇ. 94ರಷ್ಟು ಇದ್ದದ್ದು ಶ್ವಾಸಕೋಶದಿಂದ ರಕ್ತ ತರುವ ಅಭಿಧಮನಿಗಳ ಒಳಗೆ. ಹೃತ್ಕರ್ಣದ ಸ್ನಾಯು ಅಂಗಿಯ ತೋಳಿನಂತೆ ಈ ನಾಳಗಳ ಮೇಲೆ ಕೆಲವು ಸೆಂಟಿಮೀಟರಿನಷ್ಟು ಹಬ್ಬಿರುತ್ತದೆ. ಆದ್ದರಿಂದ ಕಿಡಿಯನ್ನು ಹುಡುಕಿ ಸುಡುವ ಬದಲು, ನಾಳದ ಬಾಯಿಯ ಸುತ್ತ ಸುಟ್ಟೋ ಹೆಪ್ಪುಗಟ್ಟಿಸಿಯೋ ವಿದ್ಯುತ್ ಸಂಪರ್ಕವನ್ನೇ ಕಡಿಯುವುದು ರೂಢಿಗೆ ಬಂತು.

ಪಠ್ಯಪುಸ್ತಕದ ಚಿತ್ರದಲ್ಲಿ ನಾಲ್ಕು ನಾಳ, ನಾಲ್ಕು ಬಾಯಿ. ನಿಜವಾದ ಹೃದಯಗಳು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಕೆಲವರಲ್ಲಿ ಎಡಗಡೆಯ ಎರಡೂ ನಾಳಗಳು ಕೂಡಿ ಒಂದೇ ಬಾಯಾಗಿರುತ್ತವೆ; ಕೆಲವರಿಗೆ ಬಲಗಡೆ ಮೂರನೆಯದೊಂದು ನಾಳ ಇರುತ್ತದೆ. ಹೆಪ್ಪುಗಟ್ಟಿಸಲು ಬಳಸುವ ದುಂಡು ಬಲೂನು ಅಂಡಾಕಾರದ ಅಗಲ ಬಾಯಿಗೆ ಸರಿಯಾಗಿ ಕೂರುವುದಿಲ್ಲ. ಎಡ ನಾಳಗಳಿಗೂ ಹೃತ್ಕರ್ಣದ ಕಿವಿಚೀಲಕ್ಕೂ ನಡುವೆ ಗದ್ದೆಯ ಬದುವಿನಂಥ ಕಿರಿದಾದ ಏರೊಂದಿದೆ. ಅದರ ಮೇಲೆ ಕ್ಯಾಥೆಟರಿನ ತುದಿ ಜಾರುತ್ತದೆ. ಸುಟ್ಟ ಗೆರೆಯಲ್ಲಿ ಬಿರುಕು ಉಳಿಯುವ ಜಾಗಗಳಲ್ಲಿ ಇದೂ ಒಂದು.

ಬದುವಿನ ಹೊರಮೈಯಲ್ಲೇ ಮೊದಲ ಕಾರ್ಡ್ ಲೈನಿದೆ: ಇಂಗ್ಲೆಂಡಿನ ಜಾನ್ ಮಾರ್ಷಲ್ 1850ರಲ್ಲಿ ವರ್ಣಿಸಿದ ಮಡಿಕೆ. ಭ್ರೂಣದಲ್ಲಿದ್ದ ಎಡ ಮಹಾಭಿಧಮನಿಯ ಈ ಅವಶೇಷದಲ್ಲಿ ಸ್ನಾಯುವಿನ ಎಳೆಗಳೂ ನರಗಳೂ ಇರುತ್ತವೆ. ಒಳಗಿನಿಂದ ಸುಟ್ಟ ಗೆರೆಗೆ ಸಿಗದೆ ವಿದ್ಯುತ್ತು ಈ ಹೊರದಾರಿಯಲ್ಲಿ ಹಾದುಹೋಗಬಲ್ಲದು. ಬಲಗಡೆಯ ನಾಳಗಳಿಂದ ಬಲ ಹೃತ್ಕರ್ಣಕ್ಕೂ ಹೊರಪದರದ ಎಳೆಗಳಿವೆ. 2020ರಲ್ಲಿ ಪ್ರಕಟವಾದ ವೀನಸ್ ಪ್ರಯೋಗದಲ್ಲಿ, ವಾರಕ್ಕೂ ಹೆಚ್ಚು ಕಾಲ ಬಿಡದೆ ಕಾಡುವ ಫಿಬ್ರಿಲೇಶನ್ನಿನ 343 ರೋಗಿಗಳ ಪೈಕಿ ಒಂದು ಗುಂಪಿಗೆ ಅಬ್ಲೇಶನ್ನಿನ ಜೊತೆಗೆ ಆ ಮಡಿಕೆಯಲ್ಲಿರುವ ಮಾರ್ಷಲ್ ಅಭಿಧಮನಿಯೊಳಕ್ಕೆ ಆಲ್ಕೋಹಾಲನ್ನೂ ಬಿಡಲಾಯಿತು. ಅಬ್ಲೇಶನ್ ಮಾತ್ರ ಪಡೆದವರಲ್ಲಿ ಶೇ. 38ರಷ್ಟಿದ್ದ ಯಶಸ್ಸು ಈ ಗುಂಪಿನಲ್ಲಿ ಶೇ. 49.2ಕ್ಕೆ ಏರಿತು.

ಅಕ್ಕಪಕ್ಕದ ಅಂಗಗಳೂ ಲೆಕ್ಕಕ್ಕೆ ಬರುತ್ತವೆ. ಬಲ ಮೇಲ್ನಾಳದ ಪಕ್ಕದಲ್ಲೇ ವಪೆಯ ನರ ಇಳಿಯುತ್ತದೆ. ಬಲೂನಿನಿಂದ ಹೆಪ್ಪುಗಟ್ಟಿಸುವಾಗ ಆ ನರವನ್ನು ಲಯಬದ್ಧವಾಗಿ ಕೆರಳಿಸುತ್ತಾ, ಒಬ್ಬರು ರೋಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಿರುತ್ತಾರೆ. ಪ್ರತಿ ಸಲವೂ ವಪೆ ಬಿಕ್ಕಳಿಕೆಯಂತೆ ಕುಪ್ಪಳಿಸುತ್ತದೆ. ಆ ಕುಪ್ಪಳಿಕೆ ಮೆತ್ತಗಾದ ಕೂಡಲೇ ತಣಿಸುವುದನ್ನು ನಿಲ್ಲಿಸುತ್ತಾರೆ. ಎಡ ಹೃತ್ಕರ್ಣದ ಹಿಂಗೋಡೆಗೆ ಅನ್ನನಾಳ ಒರಗಿಕೊಂಡಿದೆ. ಶಾಖ ಅಲ್ಲಿಗೆ ತಾಗಿ ಎರಡರ ನಡುವೆ ರಂಧ್ರವಾಗುವುದು ಬಲು ಅಪರೂಪ: 2023ರ ಪಾಟರ್ ಅಧ್ಯಯನದಲ್ಲಿ 5,53,729 ಚಿಕಿತ್ಸೆಗಳಿಗೆ 138 ಪ್ರಕರಣ. ಆದರೆ ಹಾಗೆ ಆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ತೀರಿಕೊಂಡರು.

ಭಾರತದ ರೋಗಿಗಳಲ್ಲಿ ಅಂಗರಚನೆಯ ಈ ನಕ್ಷೆ ಇನ್ನಷ್ಟು ಬದಲಾಗುತ್ತದೆ. ಇಂಡಿಯನ್ ಹಾರ್ಟ್ ರಿದಮ್ ಸೊಸೈಟಿ 24 ಕೇಂದ್ರಗಳಲ್ಲಿ ದಾಖಲಿಸಿದ 1,537 ಫಿಬ್ರಿಲೇಶನ್ ರೋಗಿಗಳ ಸರಾಸರಿ ವಯಸ್ಸು 54.7; ಅವರಲ್ಲಿ ಶೇ. 47.6 ಮಂದಿಗೆ ರುಮ್ಯಾಟಿಕ್ ಹೃದ್ರೋಗವಿತ್ತು. ಈ ರೋಗದಿಂದ ಮೈಟ್ರಲ್ ಕವಾಟ ಕಿರಿದಾದಾಗ ಎಡ ಹೃತ್ಕರ್ಣ ವರ್ಷಗಟ್ಟಲೆ ಒತ್ತಡ ತಿಂದು ಹಿಗ್ಗುತ್ತದೆ, ಗೋಡೆಯಲ್ಲಿ ನಾರು ತುಂಬುತ್ತದೆ. ಆಗ ರೋಗದ ಮೂಲ ನಾಳಗಳ ಬಾಯಲ್ಲಷ್ಟೇ ಉಳಿಯುವುದಿಲ್ಲ.

ಇಂಥ ಹೃದಯದೊಳಕ್ಕೆ ಹೋಗುವ ಬಾಗಿಲು ಕರ್ನಾಟಕದ ವೈದ್ಯರಿಗೆ ಹೊಸದಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ನಡೆದಿರುವ, ಕಿರಿದಾದ ಕವಾಟವನ್ನು ಹಿಗ್ಗಿಸುವ ಬಲೂನ್ ಮೈಟ್ರಲ್ ಚಿಕಿತ್ಸೆಗೂ ಅಬ್ಲೇಶನ್ನಿಗೂ ದಾರಿ ಒಂದೇ: ಎರಡು ಹೃತ್ಕರ್ಣಗಳ ನಡುಗೋಡೆಯಲ್ಲಿರುವ ತೆಳುಪೊರೆಯ ಕುಳಿ. ಸೂಜಿ ಒತ್ತಿದಾಗ ಎಕೋ ಪರದೆಯ ಮೇಲೆ ಪೊರೆ ಪುಟ್ಟ ಗುಡಾರದಂತೆ ಎದ್ದು, ತಟ್ಟನೆ ಕುಸಿಯುತ್ತದೆ. ಒತ್ತಡದ ಗೆರೆ ಎಡ ಹೃತ್ಕರ್ಣದ್ದಾಗಿ ಬದಲಾಗುತ್ತದೆ. ಹಿಗ್ಗಿದ ಹೃತ್ಕರ್ಣದಲ್ಲಾದರೆ ಈ ನಡುಗೋಡೆ ಬಲಕ್ಕೆ ಉಬ್ಬಿ, ಕುಳಿ ಚಪ್ಪಟೆಯಾಗಿ ಕೆಳಕ್ಕೆ ಸರಿದಿರುತ್ತದೆ. ಅಭ್ಯಾಸದ ಜಾಗದಲ್ಲಿ ಕೈಗೆ ಸಿಗುವುದಿಲ್ಲ.

ಅಬ್ಲೇಶನ್ನಿನ ದೊಡ್ಡ ಪ್ರಯೋಗಗಳಲ್ಲಿ ಹೆಚ್ಚಿನವು ತೀವ್ರ ಮೈಟ್ರಲ್ ಸಂಕೋಚನ ಇರುವವರನ್ನು ಹೊರಗಿಟ್ಟಿವೆ. ಅಲ್ಲಿನ ಯಶಸ್ಸಿನ ಅಂಕಿಗಳನ್ನು ಇಂಥ ರೋಗಿಗಳಿಗೆ ಹಾಗೆಯೇ ಹೇಳಲು ಬರುವುದಿಲ್ಲ. ಸಿ.ಟಿ. ಚಿತ್ರದಲ್ಲಿ ಹೃತ್ಕರ್ಣದ ಗಾತ್ರ, ನಾಳಗಳ ಎಣಿಕೆ ಮತ್ತು ಅನ್ನನಾಳದ ಜಾಡನ್ನು ನೋಡಿಕೊಂಡ ಮೇಲೆಯೇ ಅವರಿಗೆ ಅಬ್ಲೇಶನ್ನಿನ ಮಾತೆತ್ತಬೇಕಾಗುತ್ತದೆ.