ಊಳಿಗದ ನುಡಿಗಳು ಮತ್ತು ಅಡ್ಡಹೆಸರುಗಳು: ಹಾನಗಲ್ಲ ಸೀಮೆಯ ಹಿನ್ನೆಲೆಯಲ್ಲಿ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳನ್ನೊಳಗೊಂಡ ಸೀಮೆಯಲ್ಲಿ ತಳವಾರ, ಓಲೇಕಾರ, ವಾಲೀಕಾರ ಮೊದಲಾದ ಅಡ್ಡಹೆಸರುಗಳು ರೂಢಿಯಲ್ಲಿವೆ. ಇವು ಊಳಿಗವನ್ನು ಸೂಚಿಸುವುದರಿಂದ ಈ ಮನೆತನಗಳನ್ನು ಕೀಳಾಗಿ ಎಣಿಸುವ ಪ್ರವೃತ್ತಿಯೂ ಬೆಳೆದುಬಂದಿದೆ. ಪದಗಳ ಚರಿತ್ರೆ ಈ ಎಣಿಕೆಯನ್ನು ಸಮರ್ಥಿಸುವುದಿಲ್ಲ.

ಇಂದು ದಾಸ್ಯವನ್ನೇ ಧ್ವನಿಸುವ 'ಜೀತ' ಶಬ್ದವು ಸಂಸ್ಕೃತದ 'ಜೀವಿತ'ದ ತದ್ಭವ. ಬದುಕಿಗೆ ಆಧಾರವಾದ ಸಂಬಳವೆಂಬುದು ಅದರ ಹಿಂದಿನ ಅರ್ಥ. 'ತೊತ್ತು' ಹಳಗನ್ನಡದಲ್ಲಿ 'ತೊೞ್ತು'. ವಂದಿಸು, ಪೂಜಿಸು ಎಂಬರ್ಥದ ತಮಿಳಿನ 'ತೊೞು' ಇದರ ಜ್ಞಾತಿಪದ. 'ವಿಷ್ಟಿ'ಯಿಂದ ಬಂದ 'ಬಿಟ್ಟಿ' ಕೂಲಿಯಿಲ್ಲದ ಬಲವಂತದ ದುಡಿಮೆಯಾಗಿತ್ತು. ಈಗ ಅದು 'ಪುಕ್ಕಟೆ' ಎಂದಷ್ಟೇ ಆಗಿದೆ. ದುಡಿದವನ ನಷ್ಟವನ್ನು ಮರೆತ ಭಾಷೆ, ಪಡೆದವನ ಲಾಭವನ್ನು ಮಾತ್ರ ಉಳಿಸಿಕೊಂಡಿದೆ.

ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್ಲು. ಇಲ್ಲಿ ಕದಂಬರ ಶಾಖೆಯೊಂದು ಆಳುತ್ತಿತ್ತು. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಈ ಕೋಟೆಗೆ ಮುತ್ತಿಗೆ ಹಾಕಿದನು. ಆ ಕಾಲದ ಸಮಾಜದಲ್ಲಿ ಒಡೆಯನ ಅನ್ನದ ಋಣ 'ಜೋಳವಾಳಿ'ಯೆನಿಸಿದರೆ, ಆಡಿದ ಪ್ರತಿಜ್ಞೆಗೆ ಪ್ರಾಣ ಕೊಡುವುದು 'ವೇಳೆವಾಳಿ'ಯೆನಿಸಿತ್ತು. 'ಲೆಂಕ'ನು ಸೇವಕನೂ ಹೌದು, ವೀರನೂ ಹೌದು. ಬಸವಣ್ಣನವರು ತಮ್ಮನ್ನು ಚೆನ್ನಯ್ಯ, ಕಕ್ಕಯ್ಯರ ಮನೆಯ ದಾಸ-ದಾಸಿಯರ ಮಕ್ಕಳಿಗೆ ಹುಟ್ಟಿದ ಮಗನೆಂದು ಕರೆದುಕೊಂಡು ಕುಲದ ಶ್ರೇಣಿಯನ್ನೇ ತಲೆಕೆಳಗು ಮಾಡಿದರು. ಶಿಗ್ಗಾಂವ ತಾಲೂಕಿನ ಬಾಡದ ನಾಯಕನು ಕನಕದಾಸನಾದನೆಂಬ ಪ್ರತೀತಿಯಲ್ಲಿಯೂ 'ದಾಸ' ಪದವು ಪದವಿಗಿಂತ ಮೇಲಿನದು.

'ತಳವಾರ' ಪದದ ಇಳಿತ ಇನ್ನೂ ಸ್ಪಷ್ಟವಾದುದು. ಮೂರನೆಯ ಶತಮಾನದ ನಾಗಾರ್ಜುನಕೊಂಡದ ಶಾಸನಗಳಲ್ಲಿ 'ಮಹಾತಳವರ' ಉನ್ನತ ಅಧಿಕಾರಿಯ ಬಿರುದು. ಗ್ರಾಮವ್ಯವಸ್ಥೆಯಲ್ಲಿ ತಳವಾರನು ಊರ ಕಾವಲಿನವನಾದನು, ಓಲೆಯೊಯ್ಯುವವನು ಓಲೇಕಾರನಾದನು. ಚಾಕರಿಗೆ ಪ್ರತಿಯಾಗಿ ಇನಾಮು ಭೂಮಿಯೂ ಸುಗ್ಗಿಯ ಆಯವೂ ದೊರೆಯುತ್ತಿದ್ದವು. ನವಾಬರ ಸವಣೂರು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಹಾನಗಲ್ಲ, ಶಿಗ್ಗಾಂವ ಕೇಂದ್ರವಾಗಿದ್ದ ಬಂಕಾಪುರ ಹಾಗೂ ಹಿರೇಕೆರೂರು ಕೇಂದ್ರವಾಗಿದ್ದ ಕೋಡ ತಾಲೂಕುಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಮುಂಬಯಿ ಸರಕಾರದ 1874ರ ವತನ ಕಾಯಿದೆಯು ವಂಶಪಾರಂಪರ್ಯದ ಹುದ್ದೆಗಳನ್ನು ಕಾನೂನಿನ ಚೌಕಟ್ಟಿಗೆ ತಂದಿತು. ಹೀಗೆ ಒಬ್ಬನ ಕೆಲಸದ ಹೆಸರು ಮನೆತನದ ಹೆಸರಾಗಿ ದಫ್ತರದಲ್ಲಿ ನೆಲೆಗೊಂಡಿತು.

1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ಹುದ್ದೆಗಳು ಹೋದವು. 1976ರ ಕಾಯಿದೆ ಜೀತಪದ್ಧತಿಯನ್ನು ನಿಷೇಧಿಸಿತು. ಹೆಸರುಗಳು ಮಾತ್ರ ಉಳಿದವು. ಕಾವಲು ಹಲವು ಸಮುದಾಯಗಳ ಕೆಲಸವಾಗಿದ್ದುದರಿಂದ ತಳವಾರರು ಒಂದಕ್ಕಿಂತ ಹೆಚ್ಚು ಜಾತಿಗಳಲ್ಲಿದ್ದಾರೆ. 2020ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ 'ನಾಯಕ'ದ ಪರ್ಯಾಯವಾಗಿ 'ತಳವಾರ' ಸೇರಿದ ಮೇಲೆ, ಹೆಸರು ಹುದ್ದೆಯದೋ ಜಾತಿಯದೋ ಎಂಬ ಪ್ರಶ್ನೆ ಪ್ರಮಾಣಪತ್ರದ ಪ್ರಶ್ನೆಯೂ ಆಯಿತು. ಅಡ್ಡಹೆಸರೊಂದರಿಂದಲೇ ಕುಲವನ್ನಾಗಲಿ ಹೀನತೆಯನ್ನಾಗಲಿ ನಿರ್ಣಯಿಸುವುದು ಶಾಸ್ತ್ರೀಯವಲ್ಲ. ಈ ಹೆಸರುಗಳು ಹೇಳುವುದು ಮನೆತನವೊಂದು ಹಿಂದೆ ಊರಿಗೆ ಸಲ್ಲಿಸಿದ ಸೇವೆಯನ್ನು. 'ಆಳಾಗಿ ದುಡಿ, ಅರಸಾಗಿ ಉಣ್ಣು' ಎಂಬ ಗಾದೆಯಲ್ಲಿ ಜನಪದರು ಆಳನ್ನೂ ಅರಸನ್ನೂ ಒಬ್ಬನಲ್ಲಿಯೇ ಕಂಡಿದ್ದಾರೆ.